ಅಟ್ಟದಿಂದ ಮೊದಲು ಇಳಿದ ಕಾಯಿ

ಮೈಸೂರಿನಿಂದ ಹೊರಟ ರೈಲು ಅರಸೀಕೆರೆ ತಲುಪುವಷ್ಟರಲ್ಲಿ ನಾನು ಮೂರು ಸಲ ನಿದ್ದೆ ಮಾಡಿ ಎದ್ದಿದ್ದೆ. ಹೊರಗೆ ಸೋನೆ ಹಿಡಿದಿತ್ತು. ಪ್ರಯಾಣದಲ್ಲಿ ನಾನು ಯಾವಾಗಲೂ ಹೀಗೇ, ಊರುಗಳನ್ನು ಅರೆಗಣ್ಣಿನಲ್ಲಿ ನೋಡಿ ಉಳಿದದ್ದನ್ನು ಕನಸಿನಲ್ಲಿ ತುಂಬಿಕೊಳ್ಳುತ್ತೇನೆ. ನಿಲ್ದಾಣದ ಹೊರಗೆ ಬಿಸಿ ಇಡ್ಲಿ ತಿಂದು ಕಣಕಟ್ಟೆ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಉಚಿತ. ಕಂಡಕ್ಟರ್ ಕೊಟ್ಟ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಜೋಪಾನವಾಗಿ ಪುಸ್ತಕದೊಳಗಿಟ್ಟೆ.

ಕಣಕಟ್ಟೆಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ಗೌರಮ್ಮನ ಮನೆಯಲ್ಲಿ ಬಾಡಿಗೆಗಿದ್ದೆ. ಆ ಮನೆಯ ಬದುಕೆಲ್ಲ ಅಟ್ಟದ ಮೇಲೆ. ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಅಲ್ಲಿ ಪೇರಿಸಿ, ಹೆಚ್ಚುಕಡಿಮೆ ಒಂದು ವರ್ಷ ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಅಟ್ಟದಿಂದ ಮೊದಲು ಇಳಿದ ಕಾಯಿ ಹಳೇಬೀಡಿನಲ್ಲಿರುವ ಗೌರಮ್ಮನ ತಂಗಿ ನಾಗರತ್ನಳ ಮನೆಗೆ ಹೋಗಬೇಕೆಂಬುದು ಅವರ ತಾಯಿ ಹಾಕಿಕೊಟ್ಟ ಪದ್ಧತಿ.

ಈ ಸಲ ಹೋದಾಗ ಗೌರಮ್ಮನ ಮುಖದಲ್ಲಿ ಕಳೆ ಇರಲಿಲ್ಲ. ಕೊಬ್ಬರಿ ಬೆಲೆ ಬಿದ್ದು ಪೇಟೆಯೇ ತಣ್ಣಗಾಗಿತ್ತು.

"ಇನ್ನಾರ್ ತಿಂಗ್ಳು ಕಾಯಕ್ಕೆ ಮನೇಲಿ ಏನೈತೆ ಟೀಚರಮ್ಮ? ಶುಕ್ರವಾರ ವ್ಯಾಪಾರಿ ಬತ್ತಾನೆ, ಅಟ್ಟ ಪೂರ್ತಿ ಕೊಟ್ಬಿಡ್ತೀನಿ. ನಾಗುಗೆ ಹೇಳ್ಬೇಡಿ, ಸುಮ್ನೆ ನೊಂದ್ಕೊತಾಳೆ" ಎಂದಳು.

ನನಗೆ ಸಂಕಟವಾಯಿತು. ಅತ್ತ ಹಸಿಕಾಯಿಯೂ ಅಲ್ಲದ, ಇತ್ತ ಕೊಬ್ಬರಿಯೂ ಆಗದ ಕಾಯನ್ನು ಕೇಳಿದ ಬೆಲೆಗೆ ಕೊಡಬೇಕು. ವರ್ಷದ ದುಡಿಮೆ ಮಣ್ಣುಪಾಲು. ಅಷ್ಟಾದರೂ ಗೌರಮ್ಮ ಪದ್ಧತಿ ಬಿಡಲಿಲ್ಲ. ಏಣಿ ಹತ್ತಿ ಒಂದು ಕಾಯಿ ಇಳಿಸಿ, ಸುಲಿದು, ತಂಗಿಗೆಂದು ನನ್ನ ಚೀಲಕ್ಕೆ ಹಾಕಿದಳು.

ಮರುದಿನ ಬುಧವಾರ ಅರಸೀಕೆರೆಗೆ ಬಂದು ಜಾವಗಲ್ ಮೇಲಿನ ಬಸ್ಸಿನಲ್ಲಿ ಹಳೇಬೀಡಿಗೆ ಹೊರಟೆ. ತಿರುವು ಬಂದಾಗಲೆಲ್ಲ ಮಡಿಲ ಚೀಲದಲ್ಲಿ ನೀರು ಮೆಲ್ಲಗೆ ಅಲುಗುತ್ತಿತ್ತು. ಕಣ್ಣು ಮುಚ್ಚಿದರೆ ಕೆರೆಯ ದಂಡೆಯಲ್ಲಿ ಕೂತ ಹಾಗೆ. ರಾಗಿಹೊಲ, ತೆಂಗು, ಮಂಜು ಎಲ್ಲ ಒಂದರೊಳಗೊಂದು ಕರಗಿ ಹಿಂದೆ ಸರಿದವು.

ನಾಗರತ್ನಳ ಜಗಲಿಯಲ್ಲಿ ಉಳಿಯ ಸದ್ದು ಕೇಳುತ್ತಿತ್ತು. ಅವಳ ಗಂಡ ಶಿವಣ್ಣ ಬಳಪದ ಕಲ್ಲಿನಲ್ಲಿ ಪ್ರವಾಸಿಗರಿಗೆಂದು ಪುಟ್ಟ ಗಣಪತಿಗಳನ್ನು ಕೆತ್ತುತ್ತಾನೆ. ಕೊರೋನಾದಲ್ಲಿ ಪ್ರವಾಸಿಗರು ನಿಂತುಹೋದಾಗ ಈ ಉಳಿ ಮೂಲೆ ಸೇರಿತ್ತು. ಆಗ ಗೌರಮ್ಮ ಕೊಬ್ಬರಿ ಮಾರಿ ತಂಗಿಗೊಂದು ಹಸು ಕೊಡಿಸಿದ್ದಳು. ಡೇರಿಗೆ ಹಾಲು ಹಾಕಿ ಮನೆ ನಡೆದಿತ್ತು. ಈಗ ಉಳಿಗೂ ಕೆಲಸವಿದೆ, ಕೊಟ್ಟಿಗೆಯಲ್ಲಿ ಆ ಹಸುವಿನ ಮಗಳು ಗಂಗೆಯೂ ಇದ್ದಾಳೆ.

ನಾಗರತ್ನ ಕಾಯಿ ಕೈಗೆ ತೆಗೆದುಕೊಂಡವಳೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನಗು ನಿಂತುಹೋಯಿತು.

"ನೀರಾಡ್ತಾ ಐತೆ. ಅಕ್ಕ ಈಗ್ಲೇ ಅಟ್ಟ ಇಳಿಸ್ತಾವ್ಳಾ?"

ನಾನು ಕಾಫಿ ಲೋಟ ನೋಡುತ್ತ ಕೂತೆ. ಸುಳ್ಳು ಹೇಳಲು ನನಗೆ ಎಂದೂ ಬಂದಿಲ್ಲ. ಅವಳು ಕೊಟ್ಟಿಗೆಗೆ ಹೋಗಿ ಬಂದು ಗಂಡನ ಮುಂದೆ ನಿಂತಳು.

"ರೀ, ಗಂಗೇನ ಅಕ್ಕನ ಮನೇಗೆ ಕಳ್ಸಾಣ."

"ಹಾಲು ಕೊಡ್ತಿರೋದು ಅದೊಂದೇ ಅಲ್ವೇನೇ? ಹಳೇದು ಗಬ್ಬ ಐತೆ, ಕರು ಹಾಕಕ್ಕೆ ಇನ್ನೂ ಎರಡು ತಿಂಗ್ಳು."

"ನಿಮ್ಮ ಉಳಿ ಐತಲ್ಲ. ಅಕ್ಕಂಗೆ ದಿನಾ ಡೇರಿ ಹಾಲಿನ ದುಡ್ಡಿದ್ರೆ ಅಟ್ಟ ತಾನೇ ಕಾಯ್ತದೆ."

ಶಿವಣ್ಣ ಗಣಪತಿಯ ಸೊಂಡಿಲಿನ ಪುಡಿ ಊದಿ, "ಟೆಂಪೋದೋನಿಗೆ ಹೇಳ್ತೀನಿ ಬಿಡು" ಎಂದ.

ಗುರುವಾರ ಬೆಳಗ್ಗೆ ಗಂಗೆಯನ್ನು ಹೊತ್ತ ಟೆಂಪೋ ಆ ಕಡೆ ಹೋಯಿತು, ನಾನು ಈ ಕಡೆ ಬೇಲೂರಿಗೆ ಬಂದೆ. ದೇವಸ್ಥಾನದ ಜಗಲಿಯ ಮೇಲೆ ಕೂತು ಮಳೆ ನೋಡಿದೆ. ಕಲ್ಲಿನ ಹೆಂಗಸರು ಮೇಲಿಂದ ನನ್ನ ತೂಕಡಿಕೆ ನೋಡಿರಬೇಕು. ಮಧ್ಯಾಹ್ನ ಹಾಸನದ ಬಸ್ಸು ಹಗರೆಯಲ್ಲಿ ನಿಂತಾಗ, ರಸ್ತೆ ಬದಿಯ ಹಾಲಿನ ಕ್ಯಾನುಗಳನ್ನು ನೋಡುತ್ತಿದ್ದೆ. ಫೋನು ಬಂತು. ಗೌರಮ್ಮ.

"ನೀವೇ ಹೇಳಿದ್ರಾ?"

"ನಾನು ತುಟಿ ಬಿಚ್ಚಲಿಲ್ಲ. ನೀನು ಕಳಿಸಿದ ಕಾಯಿ ಹೇಳಿತು."

ಫೋನಿನಲ್ಲಿ ಅವಳ ಹಿಂದೆ ಹಸು ಗಟ್ಟಿಯಾಗಿ ಕೂಗಿತು.

"ವ್ಯಾಪಾರಿಗೆ ಬರ್ಬೇಡ ಅಂದೆ. ಈ ಗಂಗೆ ನಿಂತ್ಕಡೆ ನಿಲ್ತಾ ಇಲ್ಲ ಕಣ್ರೀ, ವಾಪಸ್ ಹಳೇಬೀಡಿಗೇ ಹೋಯ್ತೀನಿ ಅಂತೈತೆ. ನಮ್ಮ ಕೊಟ್ಟಿಗೆಗೆ ಬಾಗ್ಲೂ ಇಲ್ಲ."

"ಮತ್ತೇನು ಮಾಡಿದೆ?"

"ಅಟ್ಟದ ಏಣಿ ತೆಗ್ದು ಅಡ್ಡ ಕಟ್ಟಿವ್ನಿ" ಎಂದಳು.