ಕರಿ ಹರಳಿನ ಮೇಲಿನ ಗೆರೆ

ಇಂಥ ವಿಷಯಗಳನ್ನು ನಾನು ನಂಬಿದವನಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್‌ಗೆ ಜಾಗ ತೋರಿಸುವ ನಮ್ಮ ಸೋದರಮಾವನನ್ನು ಎಂಎಸ್ಸಿ ಓದುವಾಗಿನಿಂದಲೂ ಗೇಲಿ ಮಾಡುತ್ತ ಬಂದಿದ್ದೆ. ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನನಗೇ ಅರ್ಧ ಅನುಮಾನವಿದೆ.

ಆಗ ನನ್ನದು ಪಿಎಚ್‌ಡಿಯ ಕೊನೆಯ ವರ್ಷ. ಚೆನ್ನಾಗಿ ತಣಿಸಿದಾಗ ಯಾವ ತಡೆಯೂ ಇಲ್ಲದೆ ವಿದ್ಯುತ್ ಹರಿಸುವ ಸೂಪರ್‌ಕಂಡಕ್ಟರ್ ಹರಳೊಂದನ್ನು ತಿಂಗಳುಗಟ್ಟಲೆ ಬೆಳೆಸಿದ್ದೆ. ಬೆರಳುದ್ದದ ಕರಿ ಕಡ್ಡಿ. ಅದರ ಪರಮಾಣುಗಳ ಕಾಂತತೆ ಹೇಗೆ ಜೋಡಿಸಿಕೊಂಡಿದೆ ಎಂದು ತಿಳಿಯಲು ನ್ಯೂಟ್ರಾನ್ ಬೇಕು. ನ್ಯೂಟ್ರಾನೂ ಒಂದು ಪುಟ್ಟ ಆಯಸ್ಕಾಂತವೇ; ಹರಳಿನೊಳಗೆ ಹೊಕ್ಕು, ಚದುರಿ, ಕಂಡದ್ದನ್ನು ಹೇಳುತ್ತದೆ. ರಿಯಾಕ್ಟರಿನಲ್ಲಿ ನನಗೆ ಸಿಕ್ಕಿದ್ದು ಮೂರೇ ದಿನ. ಹರಳನ್ನು ಯಾವ ದಿಕ್ಕಿಗೆ ಕೂರಿಸಬೇಕೆಂದು ಎಕ್ಸ್‌ರೇಯಲ್ಲಿ ನೋಡಿ, ಬಿಳಿ ಪೆನ್ನಿನಲ್ಲಿ ಗೆರೆ ಎಳೆದಿಟ್ಟಿದ್ದೆ. ಅದಿಲ್ಲದಿದ್ದರೆ ದಿಕ್ಕು ಹುಡುಕುವುದರಲ್ಲೇ ಮೂರು ದಿನವೂ ನನ್ನ ಥೀಸಿಸ್ಸೂ ಮುಗಿದಂತೆ.

ರಿಯಾಕ್ಟರಿಗೆ ರೈಲು ಹತ್ತುವ ಹಿಂದಿನ ದಿನ ಹರಳಿನ ಸಮೇತ ಸಿ.ಎಸ್. ಪುರದ ಹತ್ತಿರವಿರುವ ಅಜ್ಜಿಯ ಮನೆಗೆ ಹೋದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಹರಳು ದೇವರ ಗೂಡಿನಲ್ಲಿತ್ತು.

“ಲಿಂಗದಂಗೈತಲ್ಲ ಕಣೋ, ಹಂಗೇ ಬಿದ್ದಿತ್ತು. ಹುಣಸೆಹಣ್ಣಲ್ಲಿ ಉಜ್ಜಿ ತೊಳ್ದು ಇಬೂತಿ ಇಟ್ಟೆ,” ಎಂದಳು ಅಜ್ಜಿ. ಗೆರೆ ಹೋಗಿತ್ತು; ಲ್ಯಾಬಿಗೆ ಮರಳಿ ಮತ್ತೆ ಎಕ್ಸ್‌ರೇ ನೋಡಲು ಹೊತ್ತಿರಲಿಲ್ಲ.

ಊಟದ ನಂತರ ಜಗಲಿಯಲ್ಲಿ ತಲೆ ಹಿಡಿದು ಕೂತಿದ್ದೆ. ಮಾವ ಬಂದರು. “ಏನ್ಲಾ ಸೈಂಟಿಸ್ಟು, ದಿಕ್ಕೇ ತಪ್ಪೋಯ್ತಾ? ಕೊಡಿಲ್ಲಿ.”

ಗಾಳಿ ಇರಲಿಲ್ಲ. ತೆಂಗಿನ ತೋಟವೆಲ್ಲ ನೀರಿನಡಿಯಲ್ಲಿ ಇದ್ದಂತೆ ತೋರುತ್ತಿತ್ತು. ಅಂಗೈ ಮೇಲೆ ಹರಳು ಮಲಗಿಸಿಕೊಂಡು ಮಾವ ಬರಿಗಾಲಲ್ಲಿ ನಡೆದರು. ನಿದ್ದೆಗಣ್ಣಿನವನಂತೆ ನಾನು ಹಿಂದೆ. ಹಳೆಯ ಬಾವಿಯ ಬಳಿ ಅವರು ನಿಂತರು. ಹರಳು ತಾನಾಗಿ ಕಾಲು ಸುತ್ತು ಹೊರಳಿತು. ಮಾವ ನನ್ನ ಜೇಬಿನ ಬಿಳಿ ಪೆನ್ನು ತೆಗೆದು ಮೇಲಿನ ಮಗ್ಗುಲಿಗೆ ಗೆರೆ ಎಳೆದರು. “ಹೋಗು, ಆಗುತ್ತೆ ಬುಡು.”

ಬೇರೆ ದಾರಿಯಿಲ್ಲದೆ ರಿಯಾಕ್ಟರಿನಲ್ಲಿ ಆ ಗೆರೆಗೇ ಹರಳು ಕೂರಿಸಿದೆ. ಮೊದಲ ಸುತ್ತಿಗೇ, ದಿಕ್ಕು ಸರಿಯಿದೆ ಎನ್ನುವಂತೆ, ಪರದೆಯ ಮೇಲೆ ನ್ಯೂಟ್ರಾನ್ ಎಣಿಕೆಯ ಶಿಖರ ಎದ್ದಿತು.

ಊರಿಗೆ ಬಂದು ಮಾವನಿಗೆ ಕೈ ಮುಗಿದರೆ ಅವರು ನಕ್ಕುಬಿಟ್ಟರು. “ನಾನೆಲ್ಲಿದ್ದೆ? ಅವತ್ತು ಹೆಬ್ಬೂರಲ್ಲಿ ಬೋರ್‌ವೆಲ್ ಪಾಯಿಂಟ್ ನೋಡಕ್ಕೋಗಿದ್ದೆ ಕಣೋ.” ಅಜ್ಜಿಯೂ ಹೌದೆಂದಳು. ನಾನು ಉಂಡು ಸಂಜೆಗಂಟ ಜಗಲಿ ಮೇಲೆ ಮಲಗಿದ್ದೆನಂತೆ.

ಹಳೆಯ ಗೆರೆ ಪೂರ್ತಿ ಅಳಿಸಿರಲಿಲ್ಲವೇನೋ. ನಿದ್ದೆಯ ಮಂಪರಿನಲ್ಲಿ ನಾನೇ ತಿದ್ದಿದೆನೇನೋ. ಹರಳು ಈಗ ತುಮಕೂರಿನಲ್ಲಿ ನನ್ನ ಮೇಜಿನ ಮೇಲಿದೆ, ಗೆರೆಯೂ ಇದೆ. ಹುಣಸೆಹಣ್ಣಿನಿಂದ ಉಜ್ಜಿದರೆ ಗುರುತೂ ಉಳಿಯದಂತೆ ಹೋಗುತ್ತದೆಯೇ ಎಂದು ನೋಡಲು ಐದು ನಿಮಿಷ ಸಾಕು. ಇಷ್ಟು ವರ್ಷವಾದರೂ ನಾನು ನೋಡಿಲ್ಲ.