ಪಾರ್ಕಿನ ಅಪ್ರದಕ್ಷಿಣೆ

ನನಗೆ ಎಡಕ್ಕೆ ತಿರುಗುವುದು ಮಾತ್ರ ಬರುತ್ತಿತ್ತು. ಸೈಕಲ್ ಕಲಿಯಲು ಶುರುಮಾಡಿ ಎಷ್ಟೋ ದಿನಗಳಾದ ಮೇಲೂ ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದರೆ ಸೈಕಲ್ಲು ಒಂದು ಕಡೆ, ನಾನು ಇನ್ನೊಂದು ಕಡೆ. ಯಾಕೆ ಹೀಗೆ ಎಂದು ಇವತ್ತಿಗೂ ತಿಳಿಯದು. ಕೆಲವರಿಗೆ ಒಂದೇ ಮಗ್ಗುಲಲ್ಲಿ ಮಲಗಿದರೆ ಮಾತ್ರ ನಿದ್ದೆ ಬರುತ್ತದೆ. ಇದೂ ಅಂಥದೇ ಏನೋ ಎಂದುಕೊಂಡು ನಾನು ಸುಮ್ಮನಿದ್ದೆ. ಸುಮ್ಮನಿರಲಾರದೆ ಹೋದವರು ಬಸವನಗುಡಿಯ ನಮ್ಮ ಬೀದಿಯ ಕೊನೆಯಲ್ಲಿದ್ದ ಪಾರ್ಕಿನಲ್ಲಿ ಸಂಜೆ ಹೊತ್ತು ತಿರುಗಾಡುತ್ತಿದ್ದ ನಿವೃತ್ತರು.

ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಹೆಂಗಸೊಬ್ಬಳು ಸೈಕಲ್ ಕಲಿಯಲು ಹೊರಟಳೆಂದರೆ ಅದಕ್ಕೊಂದು ಘನವಾದ ಕಾರಣ ಇರಲೇಬೇಕೆಂದು ಎಪ್ಪತ್ತರ ದಶಕದ ಕೊನೆಯ ಬೆಂಗಳೂರು ನಂಬಿತ್ತು. ಗಂಡಸರು ಸೈಕಲ್ ಹತ್ತಲು ಕಾರಣ ಬೇಕಾಗಿರಲಿಲ್ಲ, ಸೈಕಲ್ ಇದ್ದರೆ ಸಾಕಾಗಿತ್ತು. ಇರಲಿ, ನನ್ನ ಹತ್ತಿರ ಕಾರಣವೂ ಇತ್ತು. ನಾನು ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಲೆಕ್ಕದ ಮೇಡಂ. ಆ ವರ್ಷ ನಮ್ಮನ್ನು ಬೆಳಗಿನ ಪಾಳಿಗೆ ಹಾಕಿದರು. ಅಷ್ಟು ಹೊತ್ತಿಗೆ ಬಸ್ಸು ಬರುತ್ತಿರಲಿಲ್ಲ; ಬಂದರೆ ನಿಲ್ಲುತ್ತಿರಲಿಲ್ಲ; ನಿಂತರೆ ಫುಟ್‌ಬೋರ್ಡಿನ ಮೇಲೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ನಮ್ಮ ಯಜಮಾನರು ಅದಕ್ಕೂ ಮುಂಚೆಯೇ ಫ್ಯಾಕ್ಟರಿ ಬಸ್ಸು ಹತ್ತಿ ಹೋಗಿಬಿಟ್ಟಿರುತ್ತಿದ್ದರು. ನಡೆದು ಹೋದರೆ ಪ್ರಾರ್ಥನೆ ಮುಗಿದು ಮಕ್ಕಳು ಕ್ಲಾಸಿನಲ್ಲಿ ಕೂತಿರುತ್ತಿದ್ದರು. ನಮ್ಮ ಹೆಡ್ಮಿಸ್ ಒಳ್ಳೆಯವರು, ಆದರೆ ಅವರ ಒಳ್ಳೆಯತನದ ಕೈಯಲ್ಲೂ ಒಂದು ವಾಚು ಇತ್ತು. ಬೇಸಿಗೆ ರಜೆಗೆ ಮುಂಚೆ ನನ್ನನ್ನು ಕರೆದು, ಜೂನ್‌ನಲ್ಲೂ ಹೀಗೇ ತಡವಾದರೆ ಊರಾಚೆ ಇರುವ ಸಂಸ್ಥೆಯ ಇನ್ನೊಂದು ಶಾಲೆಗೆ ಕಳಿಸದೆ ವಿಧಿಯಿಲ್ಲ ಎಂದರು. ಅಲ್ಲಿಗೆ ಎರಡೆರಡು ಬಸ್ಸು ಬದಲಾಯಿಸಬೇಕು. ಅಂದರೆ ಕೆಲಸ ಬಿಡು ಎಂದೇ ಅರ್ಥ. ನನಗೆ ಕೆಲಸ ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ.

ಹಾಗಾಗಿ ರಜೆ ಶುರುವಾದ ವಾರವೇ ಗಾಂಧಿ ಬಜಾರಿನ ಬಾಡಿಗೆ ಸೈಕಲ್ ಅಂಗಡಿಗೆ ಹೋಗಿ ಅಲ್ಲಿದ್ದ ಒಂದೇ ಒಂದು ಲೇಡೀಸ್ ಸೈಕಲ್ಲನ್ನು ತಳ್ಳಿಕೊಂಡು ಬಂದೆ. ಕಲಿಸಲು ನಮ್ಮ ಶಾಲೆಯ ಡ್ರಿಲ್ ಟೀಚರ್ ಲೀಲಾ ಒಪ್ಪಿಕೊಂಡಳು. ಅವಳು ಹಿಂದಿನ ಕ್ಯಾರಿಯರ್ ಹಿಡಿದು ಓಡುವುದು, ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪೆಡಲ್ ತುಳಿಯುವುದು. ಬೀದಿಯಲ್ಲಿ ಆಟೋಗಳ ಕಾಟ, ಮೈದಾನದಲ್ಲಿ ಕ್ರಿಕೆಟ್ ಚೆಂಡಿನ ಕಾಟ. ಉಳಿದದ್ದು ಪಾರ್ಕು. ಕಾರ್ಪೊರೇಷನ್ನಿನವರು ಆಗಷ್ಟೇ ಅದರ ಒಳಗೆ ಸುತ್ತಲೂ ಸಿಮೆಂಟಿನ ದಾರಿ ಹಾಕಿಸಿದ್ದರು. ಆ ದಾರಿಯ ನುಣುಪು ಏನೆಂದು ಹೇಳಲಿ, ದೋಸೆಕಾವಲಿಗೆ ಎಣ್ಣೆ ಸವರಿದ ಹಾಗಿತ್ತು. ಗೇಟಿನ ಬೋರ್ಡಿನಲ್ಲಿ ಹೂವು ಕೀಳಬಾರದು, ದನ ಮೇಯಿಸಬಾರದು ಎಂದಿತ್ತೇ ಹೊರತು ಸೈಕಲ್ಲಿನ ಸುದ್ದಿಯೇ ಇರಲಿಲ್ಲ.

ಆ ಪಾರ್ಕಿನ ನಡುವೆ ಒಂದು ಅಶ್ವತ್ಥಕಟ್ಟೆ. ಕಟ್ಟೆಯ ಮೇಲೆ ನಾಲ್ಕಾರು ನಾಗರಕಲ್ಲು. ಮರ ಮೊದಲಿನದು, ಪಾರ್ಕು ಆಮೇಲಿನದು. ಅದಕ್ಕೇ ಇರಬೇಕು, ಸಂಜೆ ತಿರುಗಾಡಲು ಬಂದವರೆಲ್ಲ ಮರವನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆಯಾಗಿಯೇ ಸುತ್ತುತ್ತಿದ್ದರು. ಡಾಕ್ಟರು ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದಿದ್ದರು. ಇವರು ಅದನ್ನೇ ಪುಣ್ಯದ ಲೆಕ್ಕಕ್ಕೂ ಹಾಕಿಕೊಂಡಿದ್ದರು. ದೇವರು ದಿಂಡರು ಸುಳ್ಳು ಎಂದು ಬೆಂಚಿನ ಮೇಲೆ ಕೂತು ವಾದಿಸುತ್ತಿದ್ದ ಒಬ್ಬ ಪ್ರೊಫೆಸರ್ ಕೂಡ ಎದ್ದು ನಡೆಯುವಾಗ ಬಲಕ್ಕೇ ತಿರುಗುತ್ತಿದ್ದರು. ಅಭ್ಯಾಸಕ್ಕೆ ನಾಸ್ತಿಕರಿಲ್ಲ.

ಇಂಥ ದಾರಿಯಲ್ಲಿ ಎಡಕ್ಕೆ ಮಾತ್ರ ತಿರುಗಬಲ್ಲ ನಾನು ಸೈಕಲ್ ಹತ್ತಿದರೆ ಏನಾಗಬೇಕೋ ಅದೇ ಆಯಿತು. ಅವರೆಲ್ಲ ಆ ಕಡೆಯಿಂದ, ನಾನು ಈ ಕಡೆಯಿಂದ. ಅಪ್ಪಟ ಅಪ್ರದಕ್ಷಿಣೆ. ಮೊದಲ ದಿನ ಪಾಪ ಅವರು ದಾರಿ ಬಿಟ್ಟು ಹುಲ್ಲಿಗಿಳಿದು ನಿಂತರು. ಎರಡನೆಯ ದಿನ ನಿಂತು ಗೊಣಗಿದರು. ಆಮೇಲೆ ಅಧ್ಯಕ್ಷರು ಮಾತಾಡಿದರು. ಅಧ್ಯಕ್ಷರೆಂದರೆ ಈ ತಿರುಗಾಟದವರ ಗುಂಪಿಗೆ ಯಾರೂ ಆರಿಸದೆ ಅಧ್ಯಕ್ಷರಾಗಿದ್ದ ಒಬ್ಬ ನಿವೃತ್ತ ಇಂಜಿನಿಯರು. ದನಕ್ಕೇ ಪ್ರವೇಶವಿಲ್ಲ ಎಂದ ಮೇಲೆ ಸೈಕಲ್ಲಿಗೆ ಎಲ್ಲಿಂದ ಬಂತು ಎಂಬುದು ಅವರ ಮೊದಲನೆಯ ವಾದ. ಸೈಕಲ್ಲು ಹುಲ್ಲು ತಿನ್ನುವುದಿಲ್ಲ ಎಂದೆ. ಆಗ ನಿಜವಾದ ಮಾತು ಹೊರಬಂತು. ಅಪ್ರದಕ್ಷಿಣೆ ಸುತ್ತುವುದು ಹೆಣಕ್ಕೆ. ವಯಸ್ಸಾದವರು ನಡೆಯುವ ಜಾಗದಲ್ಲಿ ಬದುಕಿರುವಾಗಲೇ ಅವರ ಸುತ್ತ ಹಾಗೆ ಸುತ್ತಿದರೆ ಅವರಿಗೆ ಏನನ್ನಿಸಬೇಡ?

ಒಂದು ಕ್ಷಣ ನನಗೂ ಅಯ್ಯೋ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಅದೇ ವಾರ ಅವರಲ್ಲೊಬ್ಬರಿಗೆ ಜ್ವರ ಬಂತು. ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಅವರು ಹಿಂದಿನ ದಿನ ಏನೇನು ತಿಂದಿದ್ದರೆಂದು ಇಡೀ ಬಸವನಗುಡಿಗೆ ಗೊತ್ತಿತ್ತು. ಆದರೂ ಜ್ವರ ನನ್ನ ಚಕ್ರದ ಕೆಳಗಿಂದಲೇ ಹೊರಟಿತೆಂದು ಗುಂಪು ತೀರ್ಮಾನ ಮಾಡಿತು. ಅಲ್ಲಿಗೆ ನನ್ನ ಅಯ್ಯೋ ಇಳಿದುಹೋಯಿತು. ಮೈಗೆ ಹಠ ಏರಿತು.

ಹಠಕ್ಕೆ ಸ್ವಲ್ಪ ವಿದ್ಯೆಯ ಒಗ್ಗರಣೆ ಬೇಕಲ್ಲ. ಜಗತ್ತಿನಲ್ಲಿ ಯಾವುದು ಯಾವ ಕಡೆ ತಿರುಗುತ್ತದೆಂದು ನಾನು ಯೋಚಿಸಲು ಕೂತೆ. ಗಡಿಯಾರದ ಮುಳ್ಳು ಅಧ್ಯಕ್ಷರ ಕಡೆ. ಗ್ರಾಮಫೋನ್ ಪ್ಲೇಟೂ ಅವರ ಕಡೆಯೇ. ಆದರೆ ಲೀಲಾ ಹೇಳಿದ ಪ್ರಕಾರ ಓಟದ ಪಂದ್ಯಗಳಲ್ಲಿ ದೇಶದೇಶದವರೂ ಎಡಕ್ಕೇ ತಿರುಗುತ್ತಾ ಓಡುತ್ತಾರೆ. ಓಡಿ ಮೆಡಲ್ ತಗೊಂಡು ಗಟ್ಟಿಮುಟ್ಟಾಗಿಯೇ ಮನೆಗೆ ಹೋಗುತ್ತಾರೆ. ಉತ್ತರ ಧ್ರುವದ ಮೇಲೆ ನಿಂತು ಕೆಳಗೆ ನೋಡಿದರೆ ಈ ಭೂಮಿಯೂ ಎಡಕ್ಕೇ ತಿರುಗುತ್ತದೆಂದು ನಮ್ಮ ಭೂಗೋಳದ ಮೇಡಂ ಹೇಳಿದರು. ಇದನ್ನು ಮಾತ್ರ ನಾನು ಅಧ್ಯಕ್ಷರಿಗೆ ತಿಳಿಸಲಿಲ್ಲ. ತಿಳಿಸಿದ್ದರೆ ಭೂಮಿಯನ್ನೂ ಪಾರ್ಕಿನೊಳಗೆ ಬಿಡುತ್ತಿರಲಿಲ್ಲ.

ಇಷ್ಟು ಹೊತ್ತೂ ಒಂದು ವಿಷಯ ಬಿಟ್ಟೇ ಹೇಳುತ್ತಿದ್ದೇನೆ. ಆ ಗುಂಪಿನಲ್ಲಿ ನಮ್ಮ ಮಾವನವರೂ ಇದ್ದರು.

ಮಾವ ರೈಲ್ವೆ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ. ನಮ್ಮಂಥ ಮನೆಗಳಲ್ಲಿ ಆಗ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅವರು ನಡುಮನೆಯಲ್ಲಿ ಕೂತು, ಕಾಫಿ ಆಯಿತಾ ಕೇಳು ಎಂದು ಅತ್ತೆಗೆ ಹೇಳುತ್ತಿದ್ದರು. ನಾನು ಅಡುಗೆಮನೆಯಿಂದ, ಆಯಿತು ಅಂತ ಹೇಳಿ ಎಂದು ಅದೇ ಅತ್ತೆಗೆ ಹೇಳುತ್ತಿದ್ದೆ. ಎಲ್ಲರೂ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆವು, ಆದರೂ ಮಾತು ಅತ್ತೆಯ ಮೂಲಕವೇ ಸಾಗಬೇಕು. ಕಾಫಿ ಲೋಟ ಇಡುವಾಗ ನಾನು ನೆಲ ನೋಡುತ್ತಿದ್ದೆ, ಅವರು ಪೇಪರ್ ನೋಡುತ್ತಿದ್ದರು. ಹದಿನೈದು ವರ್ಷ ಒಂದೇ ಸೂರಿನಡಿ ಇದ್ದು, ನಮ್ಮ ಮಾವನ ಎಡಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತಿದೆಯೆಂದು ನನಗೆ ಗೊತ್ತಾದದ್ದು ಆ ಪಾರ್ಕಿನಲ್ಲಿ.

ಗೊತ್ತಾಗದೆ ಇನ್ನೇನು. ಒಂದೇ ದಿಕ್ಕಿಗೆ ಸುತ್ತುವವರು ಒಬ್ಬರ ಬೆನ್ನನ್ನು ಒಬ್ಬರು ನೋಡುತ್ತಾರೆ. ಎದುರು ಸುತ್ತುವವಳಿಗೆ ಪ್ರತಿ ಸುತ್ತಿನಲ್ಲೂ ಎಲ್ಲರ ಮುಖವೂ ಒಂದು ಸಲವಾದರೂ ಸಿಗುತ್ತದೆ. ಸೈಕಲ್ಲಿನ ಮೇಲೆ ಕೂತು ನೆಲ ನೋಡುವ ಹಾಗಿಲ್ಲ, ನೋಡಿದರೆ ನೆಲಕ್ಕೇ ಹೋಗುತ್ತೇನೆ. ಮಾವನಿಗೂ ನೋಡದೆ ಗತಿ ಇರಲಿಲ್ಲ. ನೋಡದಿದ್ದರೆ ನಾನು ಅವರ ಮೇಲೇ ಹೋಗುತ್ತಿದ್ದೆ. ಮೊದಲು ಅವರು ಕೆಮ್ಮಿ ಪಕ್ಕಕ್ಕೆ ಸರಿಯುತ್ತಿದ್ದರು. ಆಮೇಲೊಂದು ದಿನ, ಹುಷಾರು ಎಂದರು. ಇನ್ನೊಂದು ದಿನ, ಬ್ರೇಕಿನ ಮೇಲೆ ಬೆರಳಿಟ್ಟುಕೊ ಎಂದರು. ಎರಡೂ ಮಾತನ್ನು ನನಗೇ ಹೇಳಿದರು, ನೇರವಾಗಿ. ಮನೆಗೆ ಬಂದ ಮೇಲೆ ಮತ್ತೆ ಕಾಫಿ ಅತ್ತೆಯ ಮೂಲಕವೇ ನಡೆಯುತ್ತಿತ್ತು. ಆದರೆ ಪಾರ್ಕಿನಲ್ಲಿ ಆ ಮುಖ ಎದುರಾಗುವುದನ್ನು ನಾನು ಕಾಯತೊಡಗಿದ್ದೆ. ನನಗೆ ಅದು ಬಹಳ ಇಷ್ಟವಾಗಿತ್ತು.

ಇಷ್ಟರಲ್ಲಿ ಒಂದು ಸಂಜೆ ಲೀಲಾ ಕ್ಯಾರಿಯರ್ ಬಿಟ್ಟದ್ದು ನನಗೆ ಗೊತ್ತೇ ಆಗದೆ, ಬೇಲಿಯ ಹತ್ತಿರ ನಾನು ಸರಾಗವಾಗಿ ಬಲಕ್ಕೆ ತಿರುಗಿಬಿಟ್ಟೆ. ಇಬ್ಬರೂ ಬೆರಗಾದೆವು. ಇನ್ನು ಜಗಳ ಮುಗಿಯಿತು, ನಾಳೆಯಿಂದ ಎಲ್ಲರ ಹಾಗೆ ಸುತ್ತು ಎಂದಳು ಲೀಲಾ. ನಾನು ಹ್ಯಾಂಡಲನ್ನು ಮತ್ತೆ ಎಡಕ್ಕೇ ತಿರುಗಿಸಿದೆ.

ಎರಡು ದಿನ ಬಿಟ್ಟು ಅಧ್ಯಕ್ಷರು ಮನೆಗೇ ಬಂದರು. ನಡುಮನೆಯಲ್ಲಿ ಕೂತು, ಗುಂಪಿನ ಹಿರಿಯರಿಗೆ ಮನಸ್ಸಿನ ನೆಮ್ಮದಿಯೇ ಹೋಗಿದೆ, ನಿಮ್ಮ ಸೊಸೆಗೆ ಸ್ವಲ್ಪ ಹೇಳಿ ಎಂದು ಮಾವನ ಮುಂದೆ ತೋಡಿಕೊಂಡರು. ನಾನು ಬಾಗಿಲ ಹಿಂದೆ ಇದ್ದೆ. ಮಾವ ಅತ್ತೆಯ ಕಡೆ ನೋಡಲಿಲ್ಲ. ಬಾಗಿಲ ಕಡೆ ತಿರುಗಿ ನನ್ನನ್ನೇ ಕೇಳಿದರು.

"ಬಲಕ್ಕೆ ತಿರುಗೋಕೆ ಬರತ್ತೇನಮ್ಮ ನಿಂಗೆ?"

"ಬರತ್ತೆ ಮಾವ. ಮೊನ್ನೆಯಿಂದ."

ಅಧ್ಯಕ್ಷರ ಮುಖ ಅರಳಿತು. ಹಾಗಾದರೆ ಮುಗಿಯಿತಲ್ಲ ಎಂದು ಏಳಲು ಹೊರಟರು.

"ಆದ್ರೆ ನಾನು ಎಡಕ್ಕೇ ತಿರುಗೋದು," ಎಂದೆ.

ಯಾಕೆ ಎಂದು ಅಧ್ಯಕ್ಷರು ಕೇಳಿದರು. ಬಲಕ್ಕೆ ತಿರುಗಲು ಬರದೇ ಇದ್ದಾಗ ನೀವು ಹೆಣದ ಮಾತಾಡಿದಿರಿ. ಈಗ ಬರುತ್ತದೆಂದು ತಿರುಗಿದರೆ ಆ ಜ್ವರ ನನ್ನಿಂದಲೇ ಬಂತೆಂದು ನಾನೇ ಒಪ್ಪಿಕೊಂಡ ಹಾಗೆ ಎಂದೆ. ಇನ್ನೊಂದು ಕಾರಣವೂ ಇತ್ತು. ಅದನ್ನು ಮಾವನ ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಕಾಫಿ ತಂದ ಅತ್ತೆ ಲೋಟವನ್ನು ಅಧ್ಯಕ್ಷರ ಮುಂದಿಟ್ಟು, ಬಹಳ ಮರ್ಯಾದೆಯಿಂದಲೇ ಹೇಳಿದರು: "ಮನೇಲಿ ಮೊಸರು ಕಡಿಯೋದು ನೋಡಿದೀರಲ್ಲ? ಕಡಗೋಲು ಎರಡೂ ಕಡೆ ತಿರುಗತ್ತೆ. ಒಂದೇ ಕಡೆ ತಿರುಗ್ಸಿದ್ರೆ ಬೆಣ್ಣೆ ಬರಲ್ಲ."

ಅಧ್ಯಕ್ಷರು ಕಾಫಿ ಪೂರ್ತಿ ಕುಡಿಯಲಿಲ್ಲ. ಹೊರಡುವಾಗ, ನಾಳೆ ನಾವೆಲ್ಲ ದಾರಿಗೆ ಅಡ್ಡ ನಿಲ್ಲುತ್ತೇವೆ, ನೀವೂ ನಮ್ಮ ಜೊತೆ ನಿಲ್ಲಬೇಕು, ಇಲ್ಲದಿದ್ದರೆ ನಿಮ್ಮ ನಮ್ಮ ತಿರುಗಾಟ ಮುಗಿಯಿತು ಎಂದು ಮಾವನಿಗೆ ಹೇಳಿಹೋದರು. ಆಫೀಸು ಬಿಟ್ಟ ಮೇಲೆ ಮಾವನಿಗೆ ಇದ್ದದ್ದು ಅದೊಂದೇ ಗೆಳೆಯರ ಗುಂಪು. ನನ್ನ ಹಠಕ್ಕೆ ಅವರೇಕೆ ಬೆಲೆ ತೆರಬೇಕು ಎಂದು ರಾತ್ರಿಯೆಲ್ಲ ಯೋಚಿಸಿದೆ. ಬೆಳಗಾದಾಗಲೂ ಹಠ ಇದ್ದಲ್ಲೇ ಇತ್ತು.

ಸಂಜೆ ಹೋದೆ. ನಿಜವಾಗಿಯೂ ಅವರು ದಾರಿಯ ಆ ಅಂಚಿನಿಂದ ಈ ಅಂಚಿನವರೆಗೆ ಸಾಲಾಗಿ ನಿಂತಿದ್ದರು. ಒಬ್ಬರ ಕೈಯಲ್ಲಿ ಕೊಡೆ, ಒಬ್ಬರ ಕೈಯಲ್ಲಿ ಕೋಲು. ಪ್ರೊಫೆಸರೂ ಇದ್ದರು. ಸಾಲಿನ ನಡುವೆ ನಮ್ಮ ಮಾವ. ನಾನು ಬೆಲ್ ಹೊಡೆದೆ. ಯಾರೂ ಕದಲಲಿಲ್ಲ. ನಿಲ್ಲಿಸಮ್ಮ ಎಂದರು ಅಧ್ಯಕ್ಷರು. ಹಿಂದಿನಿಂದ ಲೀಲಾ ನನ್ನ ಹೆಸರು ಕೂಗುತ್ತಿದ್ದಳು. ನನ್ನ ಕಾಲು ತುಳಿಯುತ್ತಲೇ ಇತ್ತು. ಜೂನ್ ಬರಲು ಹೆಚ್ಚು ದಿನ ಇರಲಿಲ್ಲ. ಇಲ್ಲಿ ಇವರೆದುರು ಇಳಿದರೆ ನಾಳೆ ಬೀದಿಯಲ್ಲಿ ಹೋಗುವಾಗ ಲಾರಿಯವನಿಗೆ, ಆಟೋದವನಿಗೆ, ಚಾಮರಾಜಪೇಟೆಯ ಅಂಗಡಿ ಕಟ್ಟೆಗಳ ಮೇಲೆ ಕೂತವರಿಗೆಲ್ಲ ಇಳಿಯುತ್ತಲೇ ಹೋಗಬೇಕು ಅನ್ನಿಸಿತು. ನಾನು ಬೇರೆ ಯಾರ ಕಡೆಗೂ ನೋಡದೆ ಮಾವನ ಮುಖವನ್ನೇ ನೋಡಿಕೊಂಡು ಬಂದೆ. ಅವರೂ ನೋಡುತ್ತಿದ್ದರು.

ಮಾವ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಒಂದು ಸೈಕಲ್ಲು ಹೋಗುವಷ್ಟೇ ಜಾಗವಾಯಿತು. ನಾನು ಹೋದೆ. ಸುತ್ತು ಹಾಕಿ ಮತ್ತೆ ಬರುವಷ್ಟರಲ್ಲಿ ಸಾಲು ಚದುರಿಹೋಗಿತ್ತು. ಅಧ್ಯಕ್ಷರು ಬೆಂಚಿನ ಮೇಲಿದ್ದರು. ಪ್ರೊಫೆಸರು ತಮಗೆ ಇದಕ್ಕೆ ಸಂಬಂಧವೇ ಇಲ್ಲವೆಂಬಂತೆ ಹೂವಿನ ಗಿಡ ನೋಡುತ್ತಿದ್ದರು. ಮಾವ ಒಬ್ಬರೇ ಎಂದಿನಂತೆ ಮರವನ್ನು ಬಲಕ್ಕಿಟ್ಟುಕೊಂಡು ನಡೆದು ಬರುತ್ತಿದ್ದರು. ಎದುರಾದಾಗ, ಬೆರಳು ಬ್ರೇಕಿನ ಮೇಲಿರಲಿ ಎಂದರು.

ರಾತ್ರಿ ಊಟಕ್ಕೆ ಕೂತಾಗ ಅತ್ತೆ, ಗೆಳೆಯರನ್ನು ಬಿಟ್ಟು ಯಾಕೆ ಸರಿದಿರಿ ಎಂದು ಕೇಳಿದರು.

"ಅವಳ ಮುಖ ನೋಡ್ದೆ ಕಣೇ," ಎಂದರು ಮಾವ, ಸಾರಿಗೆ ಕೈ ಚಾಚುತ್ತಾ. "ನಿಲ್ಸೋ ಮುಖ ಅಲ್ಲ ಅದು."

ಜೂನ್‌ನಲ್ಲಿ ನಾನು ಸೈಕಲ್ಲಿನಲ್ಲೇ ಶಾಲೆಗೆ ಹೋದೆ, ಪ್ರಾರ್ಥನೆಗೆ ಮುಂಚೆಯೇ. ಹೆಡ್ಮಿಸ್ ವಾಚು ನೋಡಿಕೊಂಡರು. ವರ್ಗಾವಣೆಯ ಮಾತು ಮತ್ತೆ ಬರಲಿಲ್ಲ. ಗುಂಪಿನವರು ಮಾವನ ಜೊತೆ ಒಂದಷ್ಟು ದಿನ ಮುನಿಸಿಕೊಂಡಿದ್ದು ಆಮೇಲೆ ಒಬ್ಬೊಬ್ಬರಾಗಿ ಜೊತೆಯಾದರು. ಅಧ್ಯಕ್ಷರು ಮಾತ್ರ ಕೊನೆಯವರೆಗೂ ನನ್ನನ್ನು ಕಂಡ ಕೂಡಲೇ ಮರದ ತುದಿ ನೋಡುತ್ತಿದ್ದರು.

ಸೈಕಲ್ ಕಲಿತಾದ ಮೇಲೆ ನನಗೆ ಪಾರ್ಕಿನ ಕೆಲಸವೇನೂ ಉಳಿದಿರಲಿಲ್ಲ. ಆದರೂ ಭಾನುವಾರದ ಸಂಜೆ ಹೋಗುತ್ತಿದ್ದೆ, ಸೈಕಲ್ಲಿಲ್ಲದೆ ನಡೆಯಲು. ಆಗಲೂ ಮರವನ್ನು ಎಡಕ್ಕಿಟ್ಟುಕೊಂಡೇ ನಡೆಯುತ್ತಿದ್ದೆ. ನಿಮಗೆ ಬೇಸರವಾದ ದಿನ ನೀವೂ ಒಂದು ಸಲ ಹಾಗೆ ನಡೆದು ನೋಡಿ. ಬೈಸಿಕೊಳ್ಳುತ್ತೀರಿ, ಅದರಲ್ಲಿ ಸಂದೇಹವಿಲ್ಲ. ಆದರೆ ಬೈದವರ ಮುಖವನ್ನಾದರೂ ಕಂಡಿರುತ್ತೀರಿ. ಹೊಗಳುತ್ತಾ ಒಂದೇ ದಿಕ್ಕಿಗೆ ನಡೆಯುವವರದ್ದು ಕಾಣುವುದು ಬರೀ ಬೆನ್ನು.