ಲಾಯ್ ಬರೆದ ಹೂದೋಟ

ತೈನಾನ್ ನಗರದ ಆರ್ಕಿಟೆಕ್ಟ್ ಲಾಯ್ ಯಾವ್-ಟಿಂಗ್ ಹಾಕಿಕೊಟ್ಟ ಪ್ರತಿ ನಕ್ಷೆಯಲ್ಲೂ ಮನೆಯ ಹಿಂದೊಂದು ತೆರೆದ ಬಾಲ್ಕನಿ, ಅದರ ಮೇಲೆ 'ಹೂದೋಟ' ಎಂಬ ಬರಹ. ನಗರಸಭೆಯವರು ಬಂದು ನೋಡಿ, ಪರವಾನಗಿ ಕೊಟ್ಟು ಬೆನ್ನು ತಿರುಗಿಸಿದರೆ ಸಾಕು, ಮನೆಯವರು ಅದಕ್ಕೆ ತಗಡು ಹೊದಿಸಿ ಅಡುಗೆಮನೆ ಮಾಡಿಕೊಳ್ಳುತ್ತಿದ್ದರು. ಗೊತ್ತಿದ್ದೇ ಲಾಯ್ ಗೋಡೆಯಲ್ಲಿ ಹೊಗೆ ಹೋಗಲೊಂದು ತೂತು ಬಿಟ್ಟು, ಏನೂ ಅರಿಯದ ಸಂಭಾವಿತನಂತೆ ಮೊಹರು ಒತ್ತುತ್ತಿದ್ದ.

ಒಂದು ದಿನ, ಅವನ ನಕ್ಷೆಯಂತೆ ಮನೆ ಕಟ್ಟಿಸಿಕೊಂಡಿದ್ದ ನಿವೃತ್ತ ಟೀಚರ್ ಕೋ ಸು-ಚಿನ್ ಫೋನ್ ಮಾಡಿದರು.

"ಸಾರ್, ಇನ್‌ಸ್ಪೆಕ್ಟರ್ ಬಂದು ನನ್ನ ಗಿಡಗಳನ್ನೆಲ್ಲಾ ಸರಿಸಿ ಸರಿಸಿ ನೋಡ್ತಿದಾನೆ. ಒಲೆ ಎಲ್ಲಿ ಬಚ್ಚಿಟ್ಟಿದೀರಿ ಅಂತಾನೆ!"

"ಗಿಡಾನಾ? ಯಾವ ಗಿಡ?"

"ಹೂದೋಟ ಅಂತ ಬರೆದೋರು ನೀವೇ ಅಲ್ವಾ?"

ಲಾಯ್ ಸ್ಕೂಟರ್ ಏರಿ ಧಾವಿಸಿದ. ಬಾಲ್ಕನಿ ತುಂಬ ಆರ್ಕಿಡ್ ಹೂಗಳು, ಹೊಗೆತೂತಿನಲ್ಲಿ ಗುಬ್ಬಿಗೂಡು, ನಡುವೆ ತಲೆ ಕೆರೆದುಕೊಳ್ಳುತ್ತ ನಿಂತ ಇನ್‌ಸ್ಪೆಕ್ಟರ್. ತಾನು ಬರೆದಂತೆಯೇ ಇರುವ ಮನೆಯನ್ನು ಲಾಯ್ ಜನ್ಮದಲ್ಲಿ ಮೊದಲ ಸಲ ನೋಡಿದ. ಎದೆಯುಬ್ಬಿತು. ಮರುದಿನವೇ ಹೊಸ ಗಿರಾಕಿಯೊಬ್ಬನನ್ನು ಕರೆತಂದು ತೋರಿಸಿದ.

ಗಿರಾಕಿ ತಲೆದೂಗಿದ. "ಭೇಷಾಗಿದೆ ಸಾರ್. ಒಲೆ ಆ ಮೂಲೇಲಿ ಇಟ್ಕೋಬಹುದಲ್ವಾ?"

"ಅಲ್ಲಿ ಬೇಡ ಕಣ್ರೀ," ಅಂದುಬಿಟ್ಟ ಲಾಯ್, "ತೂತು ಈ ಕಡೆ ಇದೆ."